ಕಣ್ಣಿನ ಪೊರೆ ಮತ್ತು ಗ್ಲಾಕೋಮ: ಒಂದು ವಿವೇಚನೆ

ಮುಪ್ಪಿನಲ್ಲಿ ದೃಷ್ಟಿ ಮಸುಕಾಯಿತೆಂದರೆ ‘ಪೊರೆ ಬಂದಿದೆ, ಹಣ್ಣಾಗಲಿ’ ಎಂದು ಸುಮ್ಮನಿರುವುದು ಮನೆಮನೆಗಳಲ್ಲಿ ಬಹುಕಾಲದ ವಾಡಿಕೆ. ಈ ಮಾತು ಹಿಂದೆ ನಿರಾಧಾರವಾಗಿರಲಿಲ್ಲ. ಕಣ್ಣಿನೊಳಗಿನ ತಿಳಿಯಾದ ಮಸೂರವು ಮಂಜುಗಟ್ಟುವುದೇ ಪೊರೆ. ಮುಂಬಯಿಯಲ್ಲಿ ಇದಕ್ಕೆ ಮೋತಿಬಿಂದುವೆಂದು ಹೆಸರು. ಎಳೆಯ ಪೊರೆಯನ್ನು ತೆಗೆಯಹೋದರೆ ತುಣುಕುಗಳು ಒಳಗುಳಿದು ಕಣ್ಣನ್ನು ಕೆರಳಿಸುತ್ತಿದ್ದುವಾದ್ದರಿಂದ ವೈದ್ಯರೇ ಕಾಯಹೇಳುತ್ತಿದ್ದರು. ಡಾ. ಎಂ. ಸಿ. ಮೋದಿಯವರ ನೇತ್ರಶಿಬಿರಗಳಿಂದ ಕರ್ನಾಟಕದ ಅಸಂಖ್ಯ ವೃದ್ಧರು ದಪ್ಪ ಕನ್ನಡಕದೊಡನೆ ಊರಿಗೆ ಮರಳಿದ ಕಾಲವೂ ಉಂಟು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು ಕಣ್ಣಿನೊಳಗೆ ಕೃತಕ ಮಸೂರವನ್ನಿರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರುವ ಕ್ರಮವನ್ನು ತಂದರು. ಇವು ರೂಢಿಗೆ ಬಂದ ಮೇಲೆ ಹಣ್ಣಾಗುವವರೆಗೆ ಕಾಯುವ ಅಗತ್ಯವಿಲ್ಲ. ಅತಿಯಾಗಿ ಬಲಿತ ಪೊರೆಯೇ ಊದಿಕೊಂಡು ಕಣ್ಣಿಗೆ ಕೇಡು ತರುವುದೂ ಉಂಟು.

ಪೊರೆಯ ಆರಂಭದಲ್ಲಿ ಬಣ್ಣಗಳು ಕಂದುತ್ತವೆ. ಇರುಳಿನಲ್ಲಿ ಎದುರು ಬರುವ ವಾಹನದ ದೀಪ ಕಣ್ಣು ಕುಕ್ಕುತ್ತದೆ. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತದೆ. ಕೆಲವು ವೃದ್ಧರು ಒಮ್ಮೆಲೆ ಕನ್ನಡಕವಿಲ್ಲದೆಯೇ ಪತ್ರಿಕೆ ಓದತೊಡಗುವರು. ಮನೆಯವರು ಹಿಗ್ಗುತ್ತಾರೆ, ಅದೂ ಪೊರೆಯ ಲಕ್ಷಣವೇ.

ಗ್ಲಾಕೋಮದ ಬಗೆ ಬೇರೆ. ಇಲ್ಲಿ ಸಾಮಾನ್ಯವಾಗಿ ಕಣ್ಣಿನೊಳಗಿನ ದ್ರವದ ಒತ್ತಡ ಹೆಚ್ಚಿ ದೃಷ್ಟಿನರವು ಸವೆಯುತ್ತದೆ. ಬಹುಮಂದಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ. ನಡುನೋಟ ಚೆನ್ನಾಗಿರುವುದರಿಂದ ರೋಗಿಗೆ ಅರಿವೇ ಆಗದು. ಹೊಸ್ತಿಲು ಎಡವುವುದನ್ನೂ ಬಾಗಿಲಿಗೆ ಭುಜ ತಾಗಿಸುವುದನ್ನೂ ಮುಪ್ಪಿನ ಲೆಕ್ಕಕ್ಕೆ ಬರೆಯಲಾಗುತ್ತದೆ. ಪೊರೆಯಿಂದ ಹೋದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುವುದು, ನರದೊಡನೆ ಹೋದುದು ಮರಳದು. ಒಂದೇ ಕಣ್ಣಿನಲ್ಲಿ ಎರಡೂ ಇರಬಹುದಾದ್ದರಿಂದ ಪೊರೆಯೆಂದು ಕಾಯುತ್ತ ಕುಳಿತವರು ಇದನ್ನು ಬೆಳೆಯಗೊಡುತ್ತಾರೆ.

ಇನ್ನೊಂದು ಪ್ರಭೇದವು ಥಟ್ಟನೆ ಬರುತ್ತದೆ. ಕಣ್ಣು ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಇದನ್ನು ಪಿತ್ತವೆಂದು ಬಗೆದು ನಿಂಬೆಯ ಪಾನಕ ಕುಡಿಸಿ ಮಲಗಿಸುವುದು ಅನಾಹುತಕರ. ಅಂದೇ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ತುರಿಕೆ, ಕೆಂಪುಗಳಿಗೆಂದು ಸ್ಟೆರಾಯ್ಡ್ ಹನಿಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿಗೆ ಪೊರೆ, ಗ್ಲಾಕೋಮ ಎರಡೂ ಬರಬಹುದು, ಹರೆಯದಲ್ಲಿಯೂ.

ನಲವತ್ತು ದಾಟಿದವರು ಕನ್ನಡಕದ ಪರೀಕ್ಷೆಯಷ್ಟಕ್ಕೇ ತೃಪ್ತರಾಗದೆ ಒತ್ತಡವನ್ನು ಅಳೆಯಿಸಿ, ನರವನ್ನೂ ಪರೀಕ್ಷಿಸಿಕೊಳ್ಳಬೇಕು. ಒತ್ತಡ ಸಹಜವಾಗಿದ್ದೂ ನರ ಸವೆದವರುಂಟು. ರೋಗ ಕಂಡುಬಂದರೆ ಹನಿಗಳನ್ನು ಸಾಮಾನ್ಯವಾಗಿ ಜೀವಮಾನವಿಡೀ ಹಾಕಬೇಕಾಗುತ್ತದೆ. ರೋಗಿಯ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಬೇಕು, ಏಕೆಂದರೆ ಇದು ಮನೆತನದಲ್ಲಿ ಹರಿದುಬರುವ ವ್ಯಾಧಿ.