ಹಕ್ಕಿ ಮರಿ ಬಿದ್ದು ಸಿಕ್ಕಿದರೆ ಮೊದಲು ಹಾಲು ಕುಡಿಸಬೇಡಿ

ಎಪ್ರಿಲ್, ಮೇ ಬಂತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ತೋಟಗಳಲ್ಲಿ ಹಕ್ಕಿ ಮರಿಗಳು ನೆಲಕ್ಕೆ ಬೀಳುವುದು ಸಾಮಾನ್ಯ. ಮಳೆಗೆ ಮೊದಲಿನ ಗಾಳಿಗೆ ಗೂಡು ಹಾರುತ್ತದೆ. ತಲೆ ಹೋದ ತೆಂಗಿನ ಮರ ಕಡಿದರೆ ಪೊಟರೆಯೊಳಗಿನ ಗಿಳಿ, ಮೈನಾ ಮರಿಗಳು ಉರುಳಿ ಬರುತ್ತವೆ. ಶಾಲೆಗೆ ರಜೆ ಬೇರೆ, ಹಾಗಾಗಿ ಮರಿ ಸಿಗುವುದು ಹೆಚ್ಚಾಗಿ ಮಕ್ಕಳ ಕೈಗೆ. ಮನೆಗೆ ತಂದ ಕೂಡಲೇ ಯಾರಾದರೊಬ್ಬರು ಹತ್ತಿಯನ್ನು ಹಾಲಿಗೆ ಅದ್ದಿ ಬಾಯಿಗೆ ಹಿಂಡುತ್ತಾರೆ. ಬೆಳಗ್ಗೆ ನೋಡಿದರೆ ಮರಿ ಸತ್ತಿರುತ್ತದೆ.

ಕಾರಣ ಸರಳ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ನಾವು ಸುರಿದ ಹಾಲು, ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಹೋಗದಿದ್ದರೂ ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಹಕ್ಕಿ ಮೊಲೆಯೂಡುವ ಪ್ರಾಣಿಯಲ್ಲವಲ್ಲ. ಅನ್ನ, ಬ್ರೆಡ್ಡು, ಬಿಸ್ಕತ್ತು ಕೂಡ ಬೇಡ.

ಹಾಗಾದರೆ ಏನು ಮಾಡುವುದು? ಮೊದಲು ಮರಿಯನ್ನು ಸರಿಯಾಗಿ ನೋಡಿ. ಮೈಮೇಲೆ ಪುಕ್ಕ ತುಂಬಿದೆ, ಬಾಲ ಗಿಡ್ಡ, ಕುಪ್ಪಳಿಸುತ್ತಿದೆ, ಆದರೆ ಹಾರಲು ಬರುತ್ತಿಲ್ಲ ಎಂದಾದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಪಿಕಳಾರದ ಮರಿಗಳು ಹುಟ್ಟಿ ಎರಡು ವಾರದೊಳಗೆ ಹೀಗೆ ಗೂಡು ಬಿಡುತ್ತವೆ. ತಾಯಿ-ತಂದೆ ಹಕ್ಕಿಗಳು ಹತ್ತಿರದ ಗಿಡದಲ್ಲೇ ಕುಳಿತು, ನೀವು ಅತ್ತ ಹೋಗುವುದನ್ನೇ ಕಾಯುತ್ತಿರುತ್ತವೆ. ಇಂಥ ಮರಿಯನ್ನು ಮನೆಗೆ ತಂದರೆ ಅದು ರಕ್ಷಣೆ ಅಲ್ಲ, ಅಪಹರಣ. ಬೆಕ್ಕು-ನಾಯಿ ಇದ್ದರೆ ಪಕ್ಕದ ಪೊದೆಯಲ್ಲೋ ಎತ್ತರದ ಕೊಂಬೆಯಲ್ಲೋ ಕೂರಿಸಿ, ದೂರ ಬನ್ನಿ.

ಕಣ್ಣು ಬಿಟ್ಟಿಲ್ಲ, ಮೈ ಬೋಳು ಎಂದಾದರೆ ಅದು ಗೂಡಲ್ಲೇ ಇರಬೇಕಾದ ಮರಿ. ಗಾಯ ಇಲ್ಲದಿದ್ದರೆ ವಾಪಸ್ ಗೂಡಿಗೆ ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ನಮ್ಮ ಹಿರಿಯರು ಹೇಳುವುದುಂಟು. ಅದು ನಿಜವಲ್ಲ, ವಾಸನೆ ಹಿಡಿದು ಮರಿಯನ್ನು ಬಿಟ್ಟು ಹೋಗುವ ಅಭ್ಯಾಸ ಹಕ್ಕಿಗಳಿಗಿಲ್ಲ. ಗೂಡೇ ಹಾಳಾಗಿದ್ದರೆ ಸಣ್ಣ ಬುಟ್ಟಿಗೋ, ತಳಕ್ಕೆ ತೂತು ಕೊರೆದ ಗೆರಟೆಗೋ ಒಣಹುಲ್ಲು ಹಾಸಿ ಅದೇ ಮರಕ್ಕೆ ಕಟ್ಟಿ. ಒಂದೆರಡು ಗಂಟೆ ದೂರದಿಂದ ಗಮನಿಸಿ. ಮರಿಗಳಿಗೆ ಹಗಲಿಡೀ ಆಗಾಗ ಗುಟುಕು ಬೇಕು. ಅಷ್ಟು ಕೆಲಸ ತಾಯಿ ಹಕ್ಕಿ ಮಾಡುತ್ತದೆ, ನಮ್ಮಿಂದ ಆಗುವಂಥದ್ದಲ್ಲ.

ರೆಕ್ಕೆ ಜೋತು ಬಿದ್ದಿದ್ದರೆ, ರಕ್ತ ಬರುತ್ತಿದ್ದರೆ, ತಾಯಿ ಬಾರದೇ ಇದ್ದರೆ ಮಾತ್ರ ಎತ್ತಿಕೊಳ್ಳಿ. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ಹಳೆ ಬಟ್ಟೆ ಹಾಸಿ, ಮರಿಯನ್ನಿಟ್ಟು ಮುಚ್ಚಿ. ಉಗುರು ಬೆಚ್ಚಗಿನ ನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಇಡಿ. ಕತ್ತಲೆ, ಬಿಸಿ, ನಿಶ್ಶಬ್ದ - ಸದ್ಯಕ್ಕೆ ಬೇಕಾದ ಮದ್ದು ಇಷ್ಟೇ. ಫ್ಯಾನ್ ಕೆಳಗೆ ಇಡಬೇಡಿ, ಮುರಿದ ಕಾಲಿಗೆ ನೀವೇ ಕಡ್ಡಿ ಕಟ್ಟಬೇಡಿ. ಸ್ಟೇಟಸ್ ಹಾಕಲು ಹತ್ತು ಮಂದಿ ಕೈಯಿಂದ ಕೈಗೆ ದಾಟಿಸುವುದಂತೂ ಬೇಡವೇ ಬೇಡ. ಬೆಕ್ಕು ಕಚ್ಚಿದ ಮರಿಗೆ ಗಾಯ ಕಾಣದಿದ್ದರೂ ಅವತ್ತೇ ಪಶುವೈದ್ಯರಿಗೆ ತೋರಿಸಬೇಕು. ಬೆಕ್ಕಿನ ಬಾಯಿಯ ರೋಗಾಣು ರಕ್ತಕ್ಕೆ ಸೇರಿದರೆ ಮರಿ ಒಂದೆರಡು ದಿನದಲ್ಲಿ ಸಾಯುತ್ತದೆ, ಆ್ಯಂಟಿಬಯೋಟಿಕ್ ಬೇಕೇ ಬೇಕು.

ನಂತರ ಅರಣ್ಯ ಇಲಾಖೆಗೆ ತಿಳಿಸಿ. ಜಿಲ್ಲೆಯಲ್ಲಿ ಕಾಸರಗೋಡು ಮತ್ತು ಕಾಞಂಗಾಡಿನಲ್ಲಿ ರೇಂಜ್ ಕಚೇರಿಗಳಿವೆ. ಗುಣವಾದ ಮೇಲೆ ಗಿಳಿಯನ್ನು ಪಂಜರದಲ್ಲಿ ಸಾಕೋಣ ಎಂಬ ಆಸೆ ಕೆಲವು ಹುಡುಗರಿಗಿದೆ. ನಮ್ಮ ಊರಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ 3 ವರ್ಷದ ತನಕ ಜೈಲು, 1 ಲಕ್ಷ ರೂ. ತನಕ ದಂಡ ಬೀಳಬಹುದು. ಪೇಟೆಯಲ್ಲಿ ಮಾರುವ ಲವ್ ಬರ್ಡ್ಸ್ ವಿದೇಶಿ ಜಾತಿ, ಅದರ ಲೆಕ್ಕ ಬೇರೆ.

ಇನ್ನೊಂದು ವಿಷಯ. ಒಂದೇ ಕಡೆ ನಾಲ್ಕಾರು ಕಾಗೆಗಳು ಸತ್ತು ಬಿದ್ದಿದ್ದರೆ ಅಥವಾ ತೂಕಡಿಸುತ್ತಿದ್ದರೆ ಮುಟ್ಟಲೇಬೇಡಿ, ಹಕ್ಕಿಜ್ವರ ಇರಬಹುದು. ಹತ್ತಿರದ ಮೃಗಾಸ್ಪತ್ರೆಗೆ ತಿಳಿಸಿ. ಬೇರೆ ಯಾವ ಮರಿ ಮುಟ್ಟಿದರೂ ಸಾಬೂನು ಹಾಕಿ ಕೈ ತೊಳೆದೇ ಊಟಕ್ಕೆ ಕೂರಬೇಕೆಂದು ಮಕ್ಕಳಿಗೆ ಹೇಳಿಡಿ.