ಬೇಸಿಗೆಯ ಝಳದಿಂದ ರೈತ ಕುಟುಂಬದ ರಕ್ಷಣೆ

ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಸಾಮಾನ್ಯ. ಎತ್ತು ಏದುಸಿರು ಬಿಟ್ಟರೆ ರೈತನು ನೊಗ ಇಳಿಸಿ ಅದನ್ನು ನೆರಳಿಗೆ ಕಟ್ಟುತ್ತಾನೆ. ಆದರೆ ತನಗೆ ತಲೆ ಸುತ್ತಿದರೆ "ಇನ್ನೊಂದು ಸಾಲು ಮುಗಿಯಲಿ" ಎನ್ನುತ್ತಾನೆ. ಈ ಅಲಕ್ಷ್ಯವು ಪ್ರಾಣಕ್ಕೆ ಕುತ್ತು ತರಬಹುದು. 2015ರ ಮೇ ತಿಂಗಳ ಬಿಸಿಗಾಳಿಯಲ್ಲಿ ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ 2 ಸಾವಿರಕ್ಕೂ ಹೆಚ್ಚು ಜನ ಮರಣ ಹೊಂದಿದರು. ಸತ್ತವರಲ್ಲಿ ವೃದ್ಧರೂ ಬಯಲಿನಲ್ಲಿ ದುಡಿಯುವವರೂ ಬಹಳ ಮಂದಿ ಇದ್ದರು. ಬಿಸಿಲಿನಿಂದಾಗುವ ಇಂತಹ ಸಾವುಗಳಲ್ಲಿ ಹೆಚ್ಚಿನವನ್ನು ಮುನ್ನೆಚ್ಚರಿಕೆಯಿಂದ ತಪ್ಪಿಸಲು ಸಾಧ್ಯ.

ದೇಹ ತಂಪಾಗುವ ಬಗೆ

ಆರೋಗ್ಯವಂತರ ದೇಹದ ಉಷ್ಣತೆ ಸುಮಾರು 37 ಡಿಗ್ರಿ. ಸುತ್ತಲಿನ ಗಾಳಿ ಇದಕ್ಕಿಂತ ಬಿಸಿಯಾದಾಗ ದೇಹವು ಗಾಳಿಗೆ ಶಾಖವನ್ನು ಬಿಟ್ಟುಕೊಡಲಾರದು. ಆಗ ಬೆವರು ಆರಿದಾಗ ಆಗುವ ತಂಪೊಂದೇ ಆಸರೆ. ಬಿಸಿಲಿನಲ್ಲಿ ಶ್ರಮದ ಕೆಲಸ ಮಾಡುವವರು ಗಂಟೆಗೆ ಸುಮಾರು 1 ಲೀಟರಿನಷ್ಟು ಬೆವರು ಕಳೆದುಕೊಳ್ಳಬಹುದು. ಈ ನೀರು ಮತ್ತು ಉಪ್ಪು ಮರಳಿ ದೇಹಕ್ಕೆ ಸೇರದಿದ್ದರೆ ಬೆವರು ಕಡಿಮೆಯಾಗಿ ದೇಹದ ಶಾಖ ಏರತೊಡಗುತ್ತದೆ. ನೀರು ಹಾಯಿಸಿದ ಗದ್ದೆ, ಕಬ್ಬಿನ ತೋಟಗಳಲ್ಲಿ ಗಾಳಿಯ ತೇವದಿಂದ ಬೆವರು ಬೇಗ ಆರುವುದಿಲ್ಲ. ಆದುದರಿಂದ ಅಲ್ಲಿ ಹೆಚ್ಚು ಎಚ್ಚರ ಅಗತ್ಯ.

ಹೊಲದಲ್ಲಿ ಅನುಸರಿಸಬೇಕಾದ ಕ್ರಮಗಳು

1. ಬೇಸಿಗೆ ಭತ್ತ ಮತ್ತು ಶೇಂಗಾ ಕಟಾವು, ಗೊಬ್ಬರ ಹೇರುವುದು, ಬದು ಹಾಕುವುದು ಮುಂತಾದ ಕೆಲಸಗಳನ್ನು ನಸುಕಿನಲ್ಲೇ ಆರಂಭಿಸಿ 11 ಗಂಟೆಯೊಳಗೆ ನಿಲ್ಲಿಸಬೇಕು. ಉಳಿದುದನ್ನು ಸಂಜೆ 4ರ ನಂತರ ಮಾಡುವುದು ಉತ್ತಮ.

2. ಬಾಯಾರಿಕೆಗೆ ಕಾಯದೆ ಪ್ರತಿ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಿಂಬೆ ಪಾನಕ ಒಳ್ಳೆಯವು. ನೀರಿನ ಕೊಡವು ಕೆಲಸದ ಸಾಲಿನ ಹತ್ತಿರವೇ ಇರಲಿ. ಶೌಚಕ್ಕೆ ಮರೆಯಿಲ್ಲವೆಂದು ಹೆಣ್ಣಾಳುಗಳು ನೀರು ಕುಡಿಯದೆ ಇರುವುದುಂಟು. ಹೊಲದ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು ಚಾಪೆ ಕಟ್ಟಿದರೆ ಈ ತೊಂದರೆ ತಪ್ಪುತ್ತದೆ.

3. ಬಿಸಿಲಿನ ರೂಢಿ ತಪ್ಪಿದವರು ಮೊದಲ ದಿನವೇ ಪೂರ್ತಿ ದುಡಿಯಬಾರದು. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಪಟ್ಟಣದಿಂದ ರಜೆಗೆ ಬಂದ ಮಗನಿಗೂ, ಜ್ವರದಿಂದ ಎದ್ದವರಿಗೂ ಇದು ಅನ್ವಯಿಸುತ್ತದೆ.

4. ತಿಳಿಬಣ್ಣದ ಸಡಿಲವಾದ ಹತ್ತಿ ಬಟ್ಟೆ, ರುಮಾಲು ಇಲ್ಲವೆ ಸೆರಗಿನಿಂದ ತಲೆಗೆ ಮುಸುಕು ಅವಶ್ಯ. ಸಾರಾಯಿ ಮುಂತಾದ ಮಾದಕ ಪಾನೀಯಗಳು ದೇಹದ ನೀರನ್ನು ಕಳೆಯುವುದರಿಂದ ಅವುಗಳನ್ನು ಬಿಡಬೇಕು.

ಮನೆಯನ್ನು ತಂಪಾಗಿಡುವುದು

ಮಣ್ಣಿನ ಮಾಳಿಗೆಯ ಮನೆಗಳು ಹಗಲಿನ ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ತಗಡು ಮತ್ತು ಕಾಂಕ್ರೀಟಿನ ಮನೆಗಳಲ್ಲಿ ಹಾಗಲ್ಲ. ತಗಡು ಕಾದೊಡನೆ ಒಳಗೆ ಝಳ ಇಳಿಯುತ್ತದೆ. ಕಾಂಕ್ರೀಟು ಹಗಲು ಕುಡಿದ ಶಾಖವನ್ನು ರಾತ್ರಿಯಿಡೀ ಬಿಡುತ್ತದೆ. ಇಂತಹ ಛಾವಣಿಗೆ ಬೇಸಿಗೆಯ ಆರಂಭದಲ್ಲೇ ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಬೇಕು. ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಕೋಣೆಯ ಶಾಖ ಕಡಿಮೆಯಾಗುತ್ತದೆ.

ಬಿಸಿಲೇರಿದ ಮೇಲೆ ಕಿಟಕಿಗಳನ್ನು ಮುಚ್ಚಿ, ಸಂಜೆ ಹೊರಗಿನ ಗಾಳಿ ತಣಿದಾಗ ತೆರೆಯಬೇಕು. ಆದರೆ ಕೋಣೆಯ ಒಳಗೇ ಹೊರಗಿಗಿಂತ ಹೆಚ್ಚು ಸೆಕೆಯಿದ್ದರೆ ನೆರಳಿನ ಬದಿಯ ಕಿಟಕಿಯನ್ನು ತೆರೆದಿಡಬಹುದು. ಒಣಹವೆಯ ಜಿಲ್ಲೆಗಳಲ್ಲಿ ಗಾಳಿ ಬೀಸುವ ಕಡೆಯ ಬಾಗಿಲಿಗೆ ನೆನೆಸಿದ ಗೋಣಿತಟ್ಟು ತೂಗುಹಾಕುವುದು ಅಗ್ಗದ ಉಪಾಯ. ಕರಾವಳಿಯ ತೇವದ ಹವೆಯಲ್ಲಿ ಇದರಿಂದ ಪ್ರಯೋಜನವಿಲ್ಲ. ಕೋಣೆಯ ಗಾಳಿಯೇ 40 ಡಿಗ್ರಿ ಮೀರಿದಾಗ ವಿದ್ಯುತ್ ಪಂಖವು ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ. ಆಗ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುತ್ತಿರಬೇಕು. ಅಡುಗೆಯನ್ನು ಬೆಳಿಗ್ಗೆಯೇ ಮುಗಿಸಿದರೆ ಒಲೆಯ ಮುಂದೆ ದುಡಿಯುವ ಗೃಹಿಣಿಗೂ ಬಿಡುವು ದೊರೆಯುತ್ತದೆ.

ಹಿರಿಯರು, ಗರ್ಭಿಣಿಯರು ಮತ್ತು ಮಕ್ಕಳು

ವಯಸ್ಸಾದವರಿಗೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ. ಮನೆಯವರೇ ಆಗಾಗ ನೀರು ಕೊಡಬೇಕು. ರಕ್ತದೊತ್ತಡಕ್ಕೆ, ಹೃದಯದ ಕಾಯಿಲೆಗೆ ಮಾತ್ರೆ ಸೇವಿಸುವವರು ಬೇಸಿಗೆಯಲ್ಲಿ ವೈದ್ಯರನ್ನು ಒಮ್ಮೆ ಕೇಳುವುದು ಒಳಿತು. ಗರ್ಭಿಣಿಯರಿಂದ ಉರಿಬಿಸಿಲಿನಲ್ಲಿ ಕೆಲಸ ಮಾಡಿಸಬಾರದು. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ; ಎದೆಹಾಲನ್ನೇ ಹೆಚ್ಚು ಸಲ ಕುಡಿಸಬೇಕು. ನಿಲ್ಲಿಸಿದ ವಾಹನದೊಳಗೆ ಮಗುವನ್ನು ಒಂದು ನಿಮಿಷವೂ ಬಿಡಬಾರದು.

ವಾಂತಿ ಭೇದಿಯಾದರೆ ಆಶಾ ಕಾರ್ಯಕರ್ತೆಯರಲ್ಲಿ ದೊರೆಯುವ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯ ನೀರಿನಲ್ಲಿ ಕರಗಿಸಿ ಕೊಡಬೇಕು. ಪುಡಿ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಸಾಕು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಅಪಾಯದ ಚಿಹ್ನೆಗಳು ಮತ್ತು ಪ್ರಥಮ ಚಿಕಿತ್ಸೆ

ವಿಪರೀತ ಬೆವರು, ತಲೆನೋವು, ವಾಕರಿಕೆ, ಕಾಲು ಸೆಳೆತ ಇವು ಮೊದಲ ಎಚ್ಚರಿಕೆಗಳು. ಕೂಡಲೇ ನೆರಳಿನಲ್ಲಿ ಮಲಗಿಸಿ ನೀರು, ಮಜ್ಜಿಗೆ ಕೊಟ್ಟರೆ ಸಾಮಾನ್ಯವಾಗಿ ಚೇತರಿಕೆಯಾಗುತ್ತದೆ. ಅಂದು ಮತ್ತೆ ಕೆಲಸಕ್ಕೆ ಕಳುಹಿಸಬಾರದು.

ಮೈ ಸುಡುತ್ತಿದ್ದು, ಮಾತು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಫಿಟ್ಸ್ ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ಆಗ ದೇಹದ ಉಷ್ಣತೆ 40 ಡಿಗ್ರಿ ದಾಟಿರುತ್ತದೆ. ಚರ್ಮ ಒಣಗಿದ್ದರೆ ಮಾತ್ರ ಉಷ್ಣಾಘಾತ ಎಂಬ ನಂಬಿಕೆ ಸರಿಯಲ್ಲ. ದುಡಿಯುತ್ತಿದ್ದವರು ಬೆವರುತ್ತಲೇ ಬೀಳಬಹುದು. ಬುದ್ಧಿ ಕಲಗಿದವನಿಗೆ ತನ್ನ ಸ್ಥಿತಿ ತಿಳಿಯದು. ಆದ್ದರಿಂದ ಒಬ್ಬರೇ ದುಡಿಯದೆ ಜೋಡಿಯಾಗಿದ್ದು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು.

ಇಂತಹವರನ್ನು ನೆರಳಿಗೆ ಸಾಗಿಸಿ, 108ಕ್ಕೆ ಕರೆ ಮಾಡಿಸಿ, ವಾಹನ ಬರುವವರೆಗೆ ಕಾಯದೆ ತಣಿಸಲು ತೊಡಗಬೇಕು. ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ನೀರು ಸುರಿದು ಜೋರಾಗಿ ಗಾಳಿ ಹಾಕಬೇಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ತಣ್ಣೀರಿನ ಬಟ್ಟೆ ಇಡಬೇಕು. ಪ್ರಜ್ಞೆ ಇಲ್ಲದವರನ್ನು ಮಗ್ಗುಲಾಗಿ ಮಲಗಿಸಬೇಕೇ ಹೊರತು ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಈ ಶಾಖವನ್ನು ಇಳಿಸದು. ಕಿಸೆಯಲ್ಲಿ ಇಟ್ಟುಕೊಳ್ಳುವ ಉಳ್ಳಾಗಡ್ಡಿಯೂ ಬಿಸಿಲಿನಿಂದ ಕಾಯದು.

ಮಾರ್ಚ್ ತಿಂಗಳಲ್ಲೇ ಗ್ರಾಮ ಸೇವಕರು, ಯುವಕ ಮಂಡಲಗಳು ಮತ್ತು ಮಹಿಳಾ ಸಂಘಗಳವರು ಈ ವಿಷಯಗಳನ್ನು ಊರಿನಲ್ಲಿ ತಿಳಿಸಿಕೊಡುವುದು ಸೂಕ್ತ. ಒಂದು ಕೊಡ ನೀರು, ಒಂದು ಮರದ ನೆರಳು ಮತ್ತು ಪಕ್ಕದವರ ಎಚ್ಚರ ಇದ್ದಲ್ಲಿ ಎಷ್ಟೋ ಕುಟುಂಬಗಳು ದುಡಿಯುವ ಕೈಯನ್ನು ಕಳೆದುಕೊಳ್ಳುವುದು ತಪ್ಪುತ್ತದೆ.