ಒಂದನೆಯ ತರಗತಿಯ ಲೆಕ್ಕ: ಹುಣಸೆಯ ಬೀಜದಿಂದ ಸ್ಲೇಟಿನ ಅಂಕಿಗೆ

ಪಾಠಶಾಲೆಯನ್ನು ನೋಡಲು ಬರುವ ಹಿರಿಯರು ಒಂದನೆಯ ತರಗತಿಯ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಮಗು, ಒಂದರಿಂದ ನೂರರವರೆಗೆ ಹೇಳು, ನೋಡೋಣ." ಮಗು ಕೈಕಟ್ಟಿ ನಿಂತು, ರಾಗವೆಳೆದು, ಒಂದೇ ಉಸಿರಿನಲ್ಲಿ ನೂರನ್ನು ಮುಟ್ಟುತ್ತದೆ. ಬಂದವರು ತಲೆದೂಗುತ್ತಾರೆ, ಉಪಾಧ್ಯಾಯರ ಮುಖ ಅರಳುತ್ತದೆ. ಅದೇ ಮಗುವಿನ ಮುಂದೆ ಹುಣಸೆಯ ಬೀಜಗಳನ್ನು ರಾಶಿ ಸುರಿದು, "ಇದರಲ್ಲಿ ಹದಿನೇಳು ಬೀಜ ಎಣಿಸಿ ಕೊಡು" ಎಂದರೆ ಏನಾಗುತ್ತದೆಂಬುದನ್ನು ನೋಡಿದವರು ವಿರಳ. ಎಷ್ಟೋ ಮಕ್ಕಳು ಒಂದು ಬೀಜಕ್ಕೆ ಎರಡು ಸಂಖ್ಯೆಯನ್ನೂ ಎರಡು ಬೀಜಕ್ಕೆ ಒಂದು ಸಂಖ್ಯೆಯನ್ನೂ ಹೇಳುತ್ತ ಸಾಗಿ, ಹದಿನೇಳಕ್ಕೆ ನಿಲ್ಲಬೇಕೆಂಬುದನ್ನೇ ಮರೆತು, ರಾಶಿ ಮುಗಿಯುವವರೆಗೂ ಎಣಿಸುತ್ತಾರೆ. ಬಾಯಿಗೆ ಬಂದ ನೂರು ಇನ್ನೂ ಕೈಗೆ ಬಂದಿಲ್ಲವೆಂದೇ ಇದರ ಅರ್ಥ.

ಇದು ಸಣ್ಣ ಮಾತೆಂದು ಕಡೆಗಣಿಸುವಂತಿಲ್ಲ. ಪ್ರಥಮ್ ಸಂಸ್ಥೆಯವರ ಆಶ್ರಯದಲ್ಲಿ ನಡೆಯುವ 'ಅಸರ್' ಸಮೀಕ್ಷೆಯು ದೇಶದ ಹಳ್ಳಿಗಳ ಮಕ್ಕಳನ್ನು ಅವರವರ ಮನೆಯಲ್ಲಿಯೇ ಕಂಡು ಪರೀಕ್ಷಿಸುತ್ತದೆ. ಎರಡಂಕಿಯ ಕಳೆಯುವ ಲೆಕ್ಕವನ್ನಾದರೂ ಮಾಡಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 28.2, 2022ರಲ್ಲಿ 25.9, 2024ರಲ್ಲಿ 33.7. ಏರಿಕೆ ಸಂತೋಷದ ಸಂಗತಿಯೇ. ಆದರೂ ಮೂವರಲ್ಲಿ ಇಬ್ಬರು ಮಕ್ಕಳು ಈ ಬಾಗಿಲಿನ ಹೊರಗೇ ಉಳಿದರೆಂಬುದನ್ನು ಮರೆಯಲಾಗದು. ನಲವತ್ತೊಂದರಲ್ಲಿ ಹದಿಮೂರನ್ನು ಕಳೆಯಬೇಕಾದರೆ ಒಂದು ಹತ್ತನ್ನು ಬಿಚ್ಚಿ ಹತ್ತು ಬಿಡಿಗಳನ್ನಾಗಿ ಮಾಡಬೇಕು. ಹತ್ತು ಎಂಬುದು ಕಟ್ಟಬಹುದಾದ, ಬಿಚ್ಚಬಹುದಾದ ಒಂದು ಗಂಟೆಂದು ಆರನೆಯ ವಯಸ್ಸಿನಲ್ಲಿ ಕೈಯಾರೆ ತಿಳಿಯದ ಮಗು, ಎಂಟನೆಯ ವಯಸ್ಸಿನಲ್ಲಿ "ಪಕ್ಕದ ಮನೆಯಿಂದ ಒಂದು ಸಾಲ ತಾ" ಎಂಬ ಮಂತ್ರವನ್ನು ಅರ್ಥವರಿಯದೆ ಜಪಿಸುತ್ತದೆ. ಎಲ್ಲಿ ತಪ್ಪಿತೆಂಬುದು ಅದಕ್ಕೂ ತಿಳಿಯದು, ಮನೆಯವರಿಗೂ ತಿಳಿಯದು. "ಇವನಿಗೆ ಲೆಕ್ಕ ಹತ್ತುವುದಿಲ್ಲ" ಎಂಬ ತೀರ್ಪು ಮಾತ್ರ ಹೊರಬೀಳುತ್ತದೆ.

ಬಾಯಿಪಾಠವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮಂಟೇಸ್ವಾಮಿಯ ಕಥೆಯನ್ನೂ ಮಲೆಯ ಮಾದೇಶ್ವರನ ಕಥೆಯನ್ನೂ ಓಲೆಯಿಲ್ಲದೆ ಕಾಗದವಿಲ್ಲದೆ ರಾತ್ರಿಯೆಲ್ಲ ಹಾಡಬಲ್ಲ ನೀಲಗಾರರೂ ದೇವರಗುಡ್ಡರೂ ಇರುವ ಸೀಮೆಯಿದು. ನೆನಪಿನ ಶಕ್ತಿಯನ್ನು ಇಲ್ಲಿ ಯಾರೂ ಹಗುರವಾಗಿ ಕಾಣಲಾರರು. ಮಗ್ಗಿ ಬೇಕು, ನಿಸ್ಸಂದೇಹವಾಗಿ ಬೇಕು. ಆದರೆ ಹಾಡಿಗೆ ಕಥೆಯಿರುವಂತೆ ಮಗ್ಗಿಗೆ ಅರ್ಥವಿರಬೇಕು. ಆ ಅರ್ಥವು ಮೊದಲು ಹುಟ್ಟುವುದು ಬೆರಳ ತುದಿಯಲ್ಲಿ.

ಬಾಗಿಲಲ್ಲೇ ಇರುವ ಸಾಮಗ್ರಿ

ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಲಿನ ಹಳ್ಳಿಗಳಲ್ಲಿ ಈ ಪಾಠಕ್ಕೆ ಬೇಕಾದ ಉಪಕರಣಗಳನ್ನು ದೂರದಿಂದ ತರಿಸಬೇಕಾದ್ದಿಲ್ಲ. ಹುಣಸೆಯ ಬೀಜ, ಅವರೆಕಾಳು, ಜೋಳದ ಕಡ್ಡಿ, ಸಾಂಬಾರ ಈರುಳ್ಳಿ, ಹೊಲದ ಬೆಣಚುಕಲ್ಲು, ಗಂಟು ಕಟ್ಟಲು ಬಾಳೆಯ ನಾರು ಇವು ಎಲ್ಲಿಯೂ ಸಿಗುತ್ತವೆ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ರಸ್ತೆಯ ಎರಡು ಬದಿಗೂ ಚೆಂಡುಹೂವು ಅರಳಿ ನಿಲ್ಲುತ್ತದೆ. ಹೂ ಕಟ್ಟುವ ಮನೆಯ ಮಗುವಿಗೆ ಮೊಳವೆಂದರೇನು, ಮಾರೆಂದರೇನು ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಎಚ್ಚರಿಕೆಯ ಮಾತು ಮಾತ್ರ ಅವಶ್ಯ: ಗುಲಗಂಜಿ ನೋಡಲು ಸೊಗಸಾಗಿದ್ದರೂ ವಿಷದ ಬೀಜ, ಎಳೆಯರ ಕೈಗೆ ಅದನ್ನು ಕೊಡಕೂಡದು. ಸಣ್ಣ ಕಾಳುಗಳನ್ನು ಮೂಗಿಗೂ ಕಿವಿಗೂ ಹಾಕಿಕೊಳ್ಳುವ ವಯಸ್ಸೂ ಇದೇ ಆದ್ದರಿಂದ ಉಪಾಧ್ಯಾಯರ ಕಣ್ಣು ಸದಾ ಮೇಲಿರಬೇಕು.

ಆಟಗಳಿಗೂ ಕೊರತೆಯಿಲ್ಲ. ಅರಿಕುಠಾರವೆಂಬ ಊರಿಗೆ, ತಮ್ಮ ತಂದೆಯವರ ಜನ್ಮಸ್ಥಳವೆಂಬ ಅಭಿಮಾನದಿಂದ, 1818ರಲ್ಲಿ ಚಾಮರಾಜನಗರವೆಂದು ಹೆಸರಿತ್ತ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹಲಗೆಯಾಟಗಳ ರಸಿಕರು; ಚದುರಂಗದ ಕುದುರೆಯನ್ನು ಯಾವ ಮನೆಗೂ ಎರಡು ಸಲ ಕಾಲಿಡದಂತೆ ಅರವತ್ತನಾಲ್ಕು ಮನೆಗಳಲ್ಲಿಯೂ ನಡೆಸುವ ಮಾರ್ಗಗಳನ್ನು ರಚಿಸಿದವರು. ಅರಮನೆಯಲ್ಲಿ ದೊರೆಗಳು ಆಡಿದ್ದನ್ನು ಜಗಲಿಯ ಮೇಲೆ ಅಜ್ಜಿಯರು ತಮ್ಮ ರೀತಿಯಲ್ಲಿ ಆಡಿಸುತ್ತ ಬಂದರು. ಚೌಕಾಬಾರವನ್ನೇ ನೋಡಿ. ನಾಲ್ಕು ಕವಡೆಗಳನ್ನು, ಇಲ್ಲವೆ ಒಂದು ಬದಿಯನ್ನು ತೇಯ್ದು ಬೆಳ್ಳಗೆ ಮಾಡಿದ ನಾಲ್ಕು ಹುಣಸೆಯ ಬೀಜಗಳನ್ನು, ನೆಲಕ್ಕೆ ಚೆಲ್ಲಿದೊಡನೆ ಮಗು "ಮೂರು!" ಎನ್ನುತ್ತದೆ, ಒಂದೊಂದಾಗಿ ಎಣಿಸಿ ಹೇಳುವುದಿಲ್ಲ, ಕಂಡೊಡನೆ ಹೇಳುತ್ತದೆ. ಸಣ್ಣ ಗುಂಪಿನ ಪ್ರಮಾಣವನ್ನು ಎಣಿಸದೆ ಗ್ರಹಿಸುವ ಈ ಶಕ್ತಿಯೇ ಸಂಖ್ಯಾಜ್ಞಾನದ ಮೊದಲ ಮೆಟ್ಟಿಲೆಂದು ಇಂದಿನ ಶಿಕ್ಷಣಶಾಸ್ತ್ರಜ್ಞರು ಹೇಳುತ್ತಾರೆ.

ಸರಿ-ಬೆಸದ ಆಟವೂ ಅಂಥದೇ. ಮುಷ್ಟಿಯೊಳಗಿನ ಬೀಜಗಳು ಸರಿಯೋ ಬೆಸವೋ ಎಂದು ಊಹಿಸಿ, ಆಮೇಲೆ ಜೋಡಿ ಜೋಡಿಯಾಗಿ ಬಿಡಿಸಿಟ್ಟು ನೋಡಿದಾಗ, ಒಂಟಿಯಾಗಿ ಉಳಿದ ಬೀಜವೇ ಬೆಸವೆಂಬುದರ ಲಕ್ಷಣವನ್ನು ಕಣ್ಣಿಗೆ ಕಾಣಿಸುತ್ತದೆ. ಐದು ಬೀಜಗಳನ್ನು ಎರಡು ಮುಷ್ಟಿಗೂ ಹಂಚಿ ಒಂದು ಮುಷ್ಟಿಯನ್ನು ತೆರೆದರೆ, ಮುಚ್ಚಿದ ಮುಷ್ಟಿಯಲ್ಲಿ ಎಷ್ಟಿರಬೇಕೆಂದು ಮಗು ಯೋಚಿಸಬೇಕಾಗುತ್ತದೆ. ಕೂಡುವುದೂ ಕಳೆಯುವುದೂ ಒಂದೇ ವಿಷಯದ ಎರಡು ಮುಖಗಳೆಂಬ ತತ್ತ್ವವು ಹೀಗೆ ಒಂದು ಮಾತಿನ ಬೋಧೆಯೂ ಇಲ್ಲದೆ ಮನಸ್ಸಿಗೆ ಇಳಿಯುತ್ತದೆ. ಕಂಸಾಳೆಯ ತಾಳಕ್ಕೆ ಎರಡೆರಡಾಗಿ ಚಪ್ಪಾಳೆ ತಟ್ಟಿಸಿದರೆ ಎರಡರ ಮಗ್ಗಿ ಮೈಗೇ ಹತ್ತುತ್ತದೆ. ಮಧ್ಯಾಹ್ನದ ಬಿಸಿಯೂಟಕ್ಕೆ ಇಪ್ಪತ್ಮೂರು ಮಕ್ಕಳು ಕುಳಿತು ಹತ್ತೊಂಬತ್ತು ತಟ್ಟೆಗಳಿದ್ದರೆ ಇನ್ನೆಷ್ಟು ಬೇಕೆಂಬ ಲೆಕ್ಕವನ್ನು ಹಸಿವೇ ಕೇಳುತ್ತದೆ. ಉಪಾಧ್ಯಾಯರು ಉತ್ತರವನ್ನು ತಾವೇ ಹೇಳದೆ ಒಂದು ನಿಮಿಷ ಕಾದರೆ ಸಾಕು.

ಕನ್ನಡದ ಸಂಖ್ಯಾವಾಚಕಗಳ ಉಪಕಾರ

ಇಲ್ಲಿ ನಮ್ಮ ನುಡಿ ಮಾಡುವ ಉಪಕಾರವೊಂದಿದೆ. ಅದನ್ನು ನಾವೇ ಗಮನಿಸಿದಂತಿಲ್ಲ. ಹತ್ತಕ್ಕೆ ಹಳಗನ್ನಡದಲ್ಲಿ 'ಪತ್ತು' ಎನ್ನುತ್ತಿದ್ದರು. ಇಪ್ಪತ್ತು ಎಂದರೆ ಎರಡು ಪತ್ತು. ಮೂವತ್ತು ಮೂರು ಪತ್ತು. ನಲವತ್ತು, ಐವತ್ತು, ಅರವತ್ತು ಹೀಗೆಯೇ ಸಾಗುತ್ತವೆ. ತೊಂಬತ್ತು ಎಂಬ ಒಂದು ಮಾತು ಮಾತ್ರ ತುಸು ಮರೆಯಲ್ಲಿ ನಿಂತಿದೆ. ಮೂವತ್ತೇಳು ಎನ್ನುವಾಗ ಹತ್ತುಗಳು ಮೊದಲು, ಬಿಡಿಗಳು ಆಮೇಲೆ; ಸ್ಲೇಟಿನ ಮೇಲೆ ಬರೆಯುವ ಕ್ರಮವೂ ಅದೇ. ಆಂಗ್ಲ ಭಾಷೆಯ 'ಥರ್ಟೀನ್' ಎಂಬಲ್ಲಿ ಮೂರು ಮುಂದೆ ಬಂದು ಹತ್ತು ಹಿಂದೆ ಬೀಳುತ್ತದೆ. 'ಇಲೆವೆನ್', 'ಟ್ವೆಲ್ವ್' ಎಂಬಲ್ಲಿ ಹತ್ತಿನ ಸುಳಿವೇ ಕಿವಿಗೆ ಬೀಳದು. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಬಹುಮಟ್ಟಿಗೆ ಒಂದೊಂದಾಗಿಯೇ ಕಲಿಯಬೇಕು. ಕನ್ನಡದ ಮಗು ಮಾತಾಡುವಾಗಲೇ ಸ್ಥಾನಬೆಲೆಯನ್ನು ಅರ್ಧ ಉಚ್ಚರಿಸಿರುತ್ತದೆ.

ಮೂವತ್ತೇಳು ಜೋಳದ ಕಡ್ಡಿಗಳನ್ನು ಕೊಟ್ಟು, ಹತ್ತು ಹತ್ತರಂತೆ ಬಾಳೆಯ ನಾರಿನಿಂದ ಕಟ್ಟಿಸಿರಿ. ಮೂರು ಕಟ್ಟು, ಏಳು ಬಿಡಿ. "ಮೂ-ವತ್ತು" ಎಂದು ಬಿಡಿಸಿ ಹೇಳಿಸಿರಿ. ಮೂರು ಕಟ್ಟುಗಳು ಕಣ್ಣಿಗೆ ಕಾಣುತ್ತಿವೆ, ಅದೇ ಮಾತು ಕಿವಿಗೆ ಕೇಳುತ್ತಿದೆ. ಆ ಕೂಡಲೇ ಕಟ್ಟುಗಳ ಕೆಳಗೆ 3ನ್ನೂ ಬಿಡಿಗಳ ಕೆಳಗೆ 7ನ್ನೂ ಬಳಪದಿಂದ ಬರೆಯಿಸಿರಿ. ಕೈ, ಕಿವಿ, ಕಣ್ಣು ಮೂರೂ ಒಂದೇ ಸಾಕ್ಷ್ಯವನ್ನು ಹೇಳುವ ಈ ಗಳಿಗೆಯೇ ಒಂದನೆಯ ತರಗತಿಯ ಗಣಿತದ ಜೀವಾಳ. ಮುಂದೆ ಒಂದು ಕಟ್ಟನ್ನು ಬಿಚ್ಚಿ ಕಳೆಯಬೇಕಾಗಿ ಬಂದಾಗ ಆ ಮಗುವಿಗೆ ಸಾಲದ ಮಂತ್ರ ಬೇಕಾಗದು. ನಾರನ್ನು ಬಿಚ್ಚಿದ ನೆನಪೇ ಸಾಕು.

2019-20ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಆಂಗ್ಲ ಮಾಧ್ಯಮದ ವಿಭಾಗಗಳು ತೆರೆದವು. ಆ ವಿವಾದವನ್ನು ಇಲ್ಲಿ ಎತ್ತುವುದಿಲ್ಲ. ಯಾವ ಮಾಧ್ಯಮವೇ ಆಗಲಿ, ಮೊದಲ ಎಣಿಕೆ ಮನೆಮಾತಿನಲ್ಲಿ ನಡೆಯಲಿ, ಆಂಗ್ಲ ಹೆಸರುಗಳು ಆಮೇಲೆ ಬರಲಿ ಎಂಬಷ್ಟನ್ನೇ ಹೇಳುತ್ತೇವೆ. ಕಡ್ಡಿಯ ಕಟ್ಟಿನಲ್ಲಿ ಒಮ್ಮೆ ಸಿಕ್ಕ ಹತ್ತು ಯಾವ ಭಾಷೆಗೆ ಹೋದರೂ ಹತ್ತಾಗಿಯೇ ಉಳಿಯುತ್ತದೆ.

ಆಟವೊಂದೇ ಸಾಲದು

ಹಾಗಾದರೆ ಮಕ್ಕಳನ್ನು ಆಡಲು ಬಿಟ್ಟರೆ ಲೆಕ್ಕ ತಾನಾಗಿ ಬಂದೀತೆ? ಬಾರದು. ಉತ್ಸಾಹಿಗಳು ಎಡವುವುದು ಇಲ್ಲಿಯೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದ ವಿದ್ವಾಂಸರು ಕೊಲ್ಕತ್ತ ಮತ್ತು ದೆಹಲಿಗಳ ಸಂತೆಗಳಲ್ಲಿ ವ್ಯಾಪಾರಮಾಡುವ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತರಕಾರಿಯ ತೂಕ, ಬೆಲೆ, ಚಿಲ್ಲರೆಗಳನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಬಲ್ಲ ಆ ಮಕ್ಕಳು ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೇಳಿದಾಗ ಸೋತರು. ಶಾಲೆಯ ಲೆಕ್ಕವನ್ನು ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು. ಎರಡು ದಡಗಳಿವೆ, ನಡುವೆ ಸೇತುವೆಯಿಲ್ಲ. ತೆರಕಣಾಂಬಿಯ ಸಂತೆಗೆ ತಾಯಿಯೊಡನೆ ಹೋಗಿ ಚಿಲ್ಲರೆ ಎಣಿಸುವ ಹುಡುಗಿಯೂ ಸ್ಲೇಟಿನ ಮುಂದೆ ಬೆವರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿಲ್ಲ.

ಸೇತುವೆಯನ್ನು ಕಟ್ಟುವ ಬಗೆಯನ್ನು ಅಮೆರಿಕದ ಒಂದು ಪ್ರಯೋಗ ತೋರಿಸಿಕೊಟ್ಟಿತು. 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬವರು ಬಡ ಮನೆತನಗಳ ಎಳೆಯರಿಗೆ, ಸಾಲಾಗಿ ಬರೆದ ಚೌಕಗಳ ಮೇಲೆ ಕಾಯಿ ನಡೆಸುವ ಆಟವನ್ನು ಎರಡು ವಾರಗಳಲ್ಲಿ ಕೆಲವೇ ಸಲ ಆಡಿಸಿದರು. ಚೌಕಗಳಲ್ಲಿ 1ರಿಂದ 10ರವರೆಗೆ ಅಂಕಿಗಳಿದ್ದ ಮಕ್ಕಳು ಸಂಖ್ಯಾಜ್ಞಾನದಲ್ಲಿ ಮುಂದುವರಿದರು. ಅಂಕಿಯ ಬದಲು ಬಣ್ಣಗಳಿದ್ದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಆಟ ಒಂದೇ, ಅಂಕಿ ಮಾತ್ರ ಬೇರೆ. ನಮ್ಮ ಅಂಗಳದ ಕುಂಟೆಬಿಲ್ಲೆಯ ಮನೆಗಳನ್ನು ನೇರವಾಗಿ ಒಂದು ಸಾಲಿಗೆ ಎಳೆದು, ಪ್ರತಿಯೊಂದು ಮನೆಯಲ್ಲಿಯೂ ಅಂಕಿ ಬರೆದು, ಮಗು ಜಿಗಿಯುವಾಗ ಆ ಅಂಕಿಯನ್ನು ಕೂಗಿ ಹೇಳಿಸಿದರೆ ಇದೇ ಫಲವನ್ನು ನಿರೀಕ್ಷಿಸಬಹುದು. ಖರ್ಚು ಒಂದು ಬಳಪ.

ಕೈಕೆಲಸದೊಡನೆ ಅಂಕಗಣಿತವನ್ನು ಬೆಸೆಯಬೇಕೆಂಬುದು ನಮ್ಮ ದೇಶಕ್ಕೆ ಹೊಸ ಮಾತಲ್ಲ. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣವು, ತಕಲಿಯ ನೂಲಿನ ಜೊತೆಗೆ ಲೆಕ್ಕವನ್ನೂ ಕಲಿಸಬಯಸಿತ್ತು. ನಮ್ಮ ಸೀಮೆಯಲ್ಲಿಯೇ, ಬಂಡೀಪುರದ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ 'ನಲಿ-ಕಲಿ' ಆರಂಭವಾಯಿತು. ಆಗ ಚಾಮರಾಜನಗರವೂ ಮೈಸೂರು ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕಾಡಂಚಿನ ಬಡ ಶಾಲೆಗಳ ಉಪಾಧ್ಯಾಯರು ರೂಪಿಸಿದ ಆ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿತು. 2021ರ ಜುಲೈ 5ರಂದು ಕೇಂದ್ರ ಸರ್ಕಾರವು 'ನಿಪುಣ್ ಭಾರತ್' ಯೋಜನೆಯನ್ನು ಸಾರಿ, ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವಿಗೂ ಓದು, ಬರಹ, ಲೆಕ್ಕಗಳ ಬುನಾದಿ ದೊರೆಯಬೇಕೆಂದು 2026-27ರ ಗಡುವನ್ನಿಟ್ಟಿತು. ಸಂಕಲ್ಪಗಳಿಗೆ ಬರವಿಲ್ಲ, ಬರವಿರುವುದು ಉಪಾಧ್ಯಾಯರ ಬಿಡುವಿಗೆ. ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕಾದಲ್ಲಿ, ಬರೆದು ಕಳುಹಿಸಬೇಕಾದ ತಖ್ತೆಗಳು ಮೇಜಿನ ಮೇಲೆ ಕಾದಿರುವಲ್ಲಿ, ಇಪ್ಪತ್ತು ಮಕ್ಕಳ ಮುಂದೆ ಬೀಜ ಹರಡಿ ಒಬ್ಬೊಬ್ಬರ ಎಣಿಕೆಯನ್ನೂ ನೋಡುವ ತಾಳ್ಮೆ ಎಲ್ಲಿಂದ ಬರಬೇಕು?

ಆದಕಾರಣ ಅಧಿಕಾರಿವರ್ಗದವರಲ್ಲಿ ಎರಡು ಬಿನ್ನಹಗಳು. ಕಲಿಕೆಯ ಸಾಮಗ್ರಿಗಳು ದಾಸ್ತಾನು ಪುಸ್ತಕದಲ್ಲಿ ಸರಿಯಾಗಿರಲೆಂದು ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳದಿರಲಿ. ಮುರಿದ ಮಣಿಗೆ ಉಪಾಧ್ಯಾಯರು ಉತ್ತರ ಹೇಳಬೇಕಾಗಿಲ್ಲವೆಂಬ ಭರವಸೆ ಅವರಿಗಿರಲಿ. ಒಂದನೆಯ ತರಗತಿಯ ಲೆಕ್ಕದ ಹೊತ್ತಿನಲ್ಲಿ ಅವರನ್ನು ಬೇರೆ ಕೆಲಸಕ್ಕೆ ಕರೆಯದಿರಲಿ. ತಂದೆತಾಯಿಗಳಲ್ಲಿ ಒಂದು ಬಿನ್ನಹ: ನೂರರವರೆಗೆ ಬರೆದು ತುಂಬಿಸಿದ ಪುಸ್ತಕವನ್ನು ನೋಡಿ ಹಿಗ್ಗುವ ಮೊದಲು, ಸಂಜೆ ಜಗಲಿಯ ಮೇಲೆ ಮಗುವಿನೊಡನೆ ಒಂದು ಗಳಿಗೆ ಚೌಕಾಬಾರ ಆಡಿರಿ. "ಆಡುತ್ತ ಕೂತರೆ ಓದುವುದು ಯಾವಾಗ?" ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಅದೂ ಓದೇ, ಪಕ್ಕದಲ್ಲಿ ಒಂದು ಸ್ಲೇಟಿರಲಿ.

ಇನ್ನು ಮುಂದೆ ಶಾಲೆಗೆ ಭೇಟಿಕೊಡುವ ಮಹನೀಯರು ಮಗುವನ್ನು ನೂರು ಹೇಳೆಂದು ಕೇಳದಿರಲಿ. ಜೇಬಿನಲ್ಲಿ ಒಂದು ಹಿಡಿ ಹುಣಸೆಯ ಬೀಜ ಹಾಕಿಕೊಂಡು ಹೋಗಲಿ, ನೆಲಕ್ಕೆ ಸುರಿದು, "ಹದಿನೇಳು ಕೊಡು, ಎಷ್ಟು ಕೊಟ್ಟೆಯೋ ಅದನ್ನು ಬರೆದು ತೋರಿಸು" ಎನ್ನಲಿ. ಆ ಹದಿನೇಳರಲ್ಲಿ ಒಂದು ಹತ್ತನ್ನೂ ಏಳು ಬಿಡಿಗಳನ್ನೂ ಬೇರ್ಪಡಿಸಿಟ್ಟು ಬರೆಯುವ ಮಗುವು ಚಾಮರಾಜನಗರದ ಪೇಟೆಯದಾಗಲಿ, ಕಾಡಂಚಿನ ಸೋಲಿಗರ ಪೋಡಿನದಾಗಲಿ, ಮುಂದಿನ ಲೆಕ್ಕಗಳಿಗೆ ಹೆದರುವ ಕಾರಣವಿರುವುದಿಲ್ಲ.